ಎಕ್ಸ್ ಸರ್ವರ್‌ನ ಆರಂಭಿಕ ಆಯ್ಕೆಗಳು

ಎಕ್ಸ್ ಸರ್ವರ್ ಎಂಬುದು ಲಿನಕ್ಸ್, ಬಿಎಸ್‌ಡಿ ಮೊದಲಾದ ಯುನಿಕ್ಸ್ ಮಾದರಿಯ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಪರದೆ, ಕೀಲಿಮಣೆ ಹಾಗೂ ಮೌಸ್‌ಗಳನ್ನು ನಿರ್ವಹಿಸುವ ತಂತ್ರಾಂಶ. ಇದಕ್ಕೆ ಆಧಾರವಾದ ಎಕ್ಸ್ ವಿಂಡೋ ವ್ಯವಸ್ಥೆಯು 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ರೂಪುಗೊಂಡಿತು. ಅದರ ಹನ್ನೊಂದನೆಯ ಆವೃತ್ತಿ 1987ರಲ್ಲಿ ಬಂದಿತು. ಸರ್ವರ್ ಎಂದೊಡನೆ ದೂರದ ಯಂತ್ರವನ್ನು ಕಲ್ಪಿಸಿಕೊಳ್ಳುವುದು ರೂಢಿ. ಇಲ್ಲಿ ಅದು ಬಳಕೆದಾರನ ಎದುರಿಗೇ ಇರುತ್ತದೆ. ಚಿತ್ರ ಬಿಡಿಸಬೇಕೆಂದು ಅದನ್ನು ಕೋರುವ ತಂತ್ರಾಂಶಗಳೇ ಗ್ರಾಹಕರು.

ಆರಂಭಿಸುವ ವಿಧಾನ

ಪಠ್ಯ ಪರದೆಯಿಂದ ಸರ್ವರನ್ನು ‘ಸ್ಟಾರ್ಟ್‌ಎಕ್ಸ್’ ಆದೇಶದ ಮೂಲಕ ಆರಂಭಿಸಬಹುದು. ಇದು ‘ಎಕ್ಸ್‌ಇನಿಟ್’ ಎಂಬ ತಂತ್ರಾಂಶವನ್ನು ಕರೆಯುತ್ತದೆ. ಆದೇಶದಲ್ಲಿ ಎರಡು ಅಡ್ಡಗೆರೆಗಳ ನಂತರ ಬರೆದದ್ದೆಲ್ಲ ಸರ್ವರಿಗೆ ಸಲ್ಲುತ್ತದೆ. ಉದಾಹರಣೆಗೆ, ಅಲ್ಲಿ ಡಿಪಿಐ ಆಯ್ಕೆಗೆ 120 ಎಂದು ಕೊಟ್ಟರೆ, ಅದನ್ನು ಅನುಸರಿಸುವ ತಂತ್ರಾಂಶಗಳಲ್ಲಿ ಅಕ್ಷರಗಳು ರೂಢಿಯ 96ಕ್ಕಿಂತ ದೊಡ್ಡದಾಗಿ ಮೂಡುತ್ತವೆ. ಒತ್ತಕ್ಷರಗಳು ಕಿರಿದಾಗಿ ಕಾಣುವ ಕನ್ನಡದ ಓದಿಗೆ ಇದು ಸಣ್ಣ ಅನುಕೂಲವಲ್ಲ.

ಪ್ರತಿ ಸಲ ಬರೆಯುವ ಶ್ರಮ ತಪ್ಪಿಸಲು ಸರ್ವರಿನ ಆಯ್ಕೆಗಳನ್ನು ಮನೆ ಕಡತಕೋಶದ ‘.ಎಕ್ಸ್‌ಸರ್ವರ್‌ಆರ್‌ಸಿ’ ಕಡತದಲ್ಲಿಯೂ, ಗ್ರಾಹಕ ತಂತ್ರಾಂಶಗಳನ್ನು ‘.ಎಕ್ಸ್‌ಇನಿಟ್‌ಆರ್‌ಸಿ’ ಕಡತದಲ್ಲಿಯೂ ಇಡಲಾಗುತ್ತದೆ. ಎರಡನೆಯ ಕಡತದ ಕೊನೆಯ ತಂತ್ರಾಂಶವನ್ನು ಹಿನ್ನೆಲೆಗೆ ಕಳುಹಿಸಬಾರದು. ಕಳುಹಿಸಿದರೆ ಕಡತದ ಕೆಲಸ ಅಲ್ಲಿಗೇ ಮುಗಿಯುತ್ತದೆ, ಎಕ್ಸ್‌ಇನಿಟ್ ಸರ್ವರನ್ನು ನಿಲ್ಲಿಸುತ್ತದೆ. ಪರದೆ ಕ್ಷಣಮಾತ್ರ ಬೆಳಗಿ ಮತ್ತೆ ಪಠ್ಯಕ್ಕೆ ಮರಳುತ್ತದೆ. ಹೊಸಬರು ಯಂತ್ರವೇ ಕೆಟ್ಟಿತೆಂದು ಭಾವಿಸುವುದು ಇಲ್ಲಿಯೇ. ಚಿತ್ರರೂಪದ ಪ್ರವೇಶ ಪರದೆಯಿರುವ ಗಣಕಗಳಲ್ಲಿ ಲೈಟ್‌ಡಿಎಂನಂತಹ ಪ್ರದರ್ಶನ ನಿರ್ವಾಹಕವೇ ಸರ್ವರನ್ನು ಆರಂಭಿಸುವುದರಿಂದ ಆಯ್ಕೆಗಳನ್ನು ಅದರ ಸಂರಚನಾ ಕಡತದಲ್ಲಿ ಬರೆಯಬೇಕು.

ಕನ್ನಡ ಕೀಲಿಮಣೆ

ಕೀಲಿಮಣೆಯ ವಿನ್ಯಾಸವನ್ನು ‘ಎಕ್ಸ್‌ಆರ್ಗ್.ಕಾನ್ಫ್.ಡಿ’ ಕಡತಕೋಶದಲ್ಲಿ ನಮೂದಿಸಿದರೆ ಅದು ಆ ಗಣಕದ ಎಲ್ಲ ಬಳಕೆದಾರರಿಗೂ ಅನ್ವಯಿಸುತ್ತದೆ. ಹಲವರು ಒಂದೇ ಗಣಕ ಬಳಸುವ ಶಾಲೆ, ಗ್ರಂಥಾಲಯಗಳಿಗೆ ಇದೇ ತಕ್ಕ ಕ್ರಮ. ಭಾರತೀಯ ವಿನ್ಯಾಸಗಳಡಿ ಕನ್ನಡಕ್ಕೆ ಎರಡು ಬಗೆಗಳಿವೆ: ಒಂದು ಇನ್‌ಸ್ಕ್ರಿಪ್ಟ್ ಮಾದರಿ, ಇನ್ನೊಂದು ಉಚ್ಚಾರಾನುಸಾರಿಯಾದ ಕಗಪ. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕಗಪಕ್ಕೆ ಆ ಹೆಸರು ಬಂದದ್ದು ಕನ್ನಡ ಗಣಕ ಪರಿಷತ್ತಿನಿಂದ. ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿದವರಿಗೆ ಇದೇ ಸುಲಭ. ಇಂಗ್ಲಿಷ್ ಮತ್ತು ಕನ್ನಡ ವಿನ್ಯಾಸಗಳೆರಡನ್ನೂ ನಮೂದಿಸಿ, ಆಲ್ಟ್ ಮತ್ತು ಶಿಫ್ಟ್ ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಭಾಷೆ ಬದಲಾಗುವಂತೆ ಮಾಡಬಹುದು.

ಸುರಕ್ಷತೆ ಮತ್ತು ದೋಷಪರಿಶೋಧನೆ

ಹಿಂದೆ ಸರ್ವರ್ 6000ನೆಯ ಟಿಸಿಪಿ ದ್ವಾರದಲ್ಲಿ ಜಾಲದಿಂದ ಬರುವ ಕೋರಿಕೆಗಳಿಗೂ ಕಿವಿಗೊಡುತ್ತಿತ್ತು. ಪ್ರವೇಶ ನಿಯಂತ್ರಣ ಸಡಿಲವಾಗಿದ್ದರೆ ಬಳಕೆದಾರನು ಒತ್ತುವ ಕೀಲಿಗಳನ್ನು, ಗುಪ್ತಪದವನ್ನೂ ಸಹ, ಪರರು ಗಮನಿಸಬಹುದಾಗಿತ್ತು. 2015ರಲ್ಲಿ ಬಂದ 1.17ನೆಯ ಆವೃತ್ತಿಯಿಂದ ಈ ದ್ವಾರ ತಾನಾಗಿ ತೆರೆಯುವುದಿಲ್ಲ; ತೆರೆಯಬೇಕಾದರೆ ಆರಂಭದಲ್ಲಿಯೇ ಸ್ಪಷ್ಟವಾಗಿ ಕೋರಬೇಕು.

ಸರ್ವರ್ ಆರಂಭವಾಗದಿದ್ದರೆ ಅದರ ದಾಖಲೆ ಕಡತವನ್ನು ಓದಬೇಕು. ಅದು ವ್ಯವಸ್ಥೆಯ ದಾಖಲೆ ಕೋಶದಲ್ಲಿ ಅಥವಾ, ಸರ್ವರ್ ಸಾಮಾನ್ಯ ಬಳಕೆದಾರನ ಅಧಿಕಾರದಲ್ಲಿ ನಡೆದಿದ್ದರೆ, ಅವನ ಮನೆ ಕಡತಕೋಶದಲ್ಲಿ ದೊರೆಯುತ್ತದೆ. ಆವರಣದಲ್ಲಿ ಎರಡು ‘ಇ’ ಅಕ್ಷರಗಳಿರುವ ಸಾಲುಗಳು ದೋಷಗಳನ್ನೂ ಎರಡು ‘ಡಬ್ಲ್ಯು’ ಇರುವವು ಎಚ್ಚರಿಕೆಗಳನ್ನೂ ಸೂಚಿಸುತ್ತವೆ.