ಎಳೆ ಜೋಳದ ನಂಜು: ನೊಣ, ಕಳೆ, ಒಣಹವೆ ಮೂರೂ ಸೇರಿದರೆ

ಚನ್ನಪಟ್ಟಣದ ಕಡೆ ನೀರಿದ್ದವರಿಗೆ ರೇಷ್ಮೆ, ತೆಂಗು. ನಮ್ಮಂಥ ಖುಷ್ಕಿಯವರಿಗೆ ರಾಗಿ, ಅದರೊಳಗೆ ಅಕ್ಕಡಿ, ಕೊಟ್ಟಿಗೆಯಲ್ಲಿ ಎರಡು ಹಸು. ಡೇರಿಯ ಬಟವಾಡೆಯಲ್ಲೇ ಸಂಸಾರ ನಡೀಬೇಕು. ಅದಕ್ಕೇ ಒಂದಿಷ್ಟು ಜಾಗಕ್ಕೆ ಮೇವಿನ ಜೋಳ ಹಾಕುತ್ತೇವೆ. ಆದರೆ ಇದೇ ಜೋಳ ಒಮ್ಮೊಮ್ಮೆ ಹಸುವನ್ನು ಕೊಲ್ಲುತ್ತದೆ.

ಎಳೆ ಜೋಳದ ಎಲೆಯಲ್ಲಿ ಒಂದು ಅಂಶವಿದೆ. ಹಸು ಅಗಿದು ನುಂಗಿದಾಗ ಅದರಿಂದ ಸಯನೈಡ್ ಹುಟ್ಟುತ್ತದೆ. ಪೈರು ಬಲಿತಂತೆ ಅದು ಕಡಿಮೆಯಾಗುತ್ತದೆ, ಹೂ ಬಂದ ಮೇಲೆ ಅಷ್ಟು ಭಯವಿಲ್ಲ. ಮಳೆ ಕೈಕೊಟ್ಟು ಪೈರು ಮೊಣಕಾಲೆತ್ತರಕ್ಕೇ ನಿಂತರೆ ನಂಜು ಇಳಿಯುವುದಿಲ್ಲ, ಏರುತ್ತದೆ. 2023ರಲ್ಲಿ ಆಗಸ್ಟ್ ತಿಂಗಳೇ ಒಣಗಿತಲ್ಲ, ಅಂಥ ವರ್ಷವೇ ಅಪಾಯ. ಮೇವಿಲ್ಲದಾಗಲೇ ಕೈ ಹಸಿರಿನ ಕಡೆ ಹೋಗುವುದು.

ಇದಕ್ಕೆ ಸುಳಿ ನೊಣವೂ ಸೇರಿಕೊಳ್ಳುತ್ತದೆ. ಪೈರು ಹುಟ್ಟಿದ ಒಂದು ವಾರದಿಂದ ಒಂದು ತಿಂಗಳವರೆಗೆ ಇದರ ಕಾಟ. ಎಲೆಯ ಕೆಳಗೆ ಬಿಳಿ ಮೊಟ್ಟೆ ಇಡುತ್ತದೆ, ಮರಿಹುಳು ಒಳಗಿಳಿದು ಸುಳಿ ಕತ್ತರಿಸುತ್ತದೆ. ಒಣಗಿದ ಸುಳಿ ಎಳೆದರೆ ಸಲೀಸಾಗಿ ಕಿತ್ತು ಬರುತ್ತದೆ, ಬುಡ ನಾರುತ್ತದೆ. ಆಮೇಲೆ ಬುಡದಿಂದ ಮರಿ ತೆಂಡೆಗಳು ಒಡೆಯುತ್ತವೆ. ನೋಡಲು ಸೊಂಪು, ಆದರೆ ನಂಜು ಹೆಚ್ಚಿರುವುದು ಅಲ್ಲೇ. ಕೊಯ್ದ ಮೇಲೆ ಚಿಗುರುವ ಕೂಳೆಯೂ ಹಾಗೇ.

ಕಳೆ ಮಾಡುವ ಕೆಡುಕು ನೀರಿನದು. ಕೊನ್ನಾರಿ, ಅಣ್ಣೆಸೊಪ್ಪು ಇದ್ದ ಹದವನ್ನೆಲ್ಲ ಹೀರಿದರೆ ಜೋಳ ಕುಗ್ಗಿ ನಿಲ್ಲುತ್ತದೆ. ಮೊದಲ ತಿಂಗಳಲ್ಲಿ ಎರಡು ಸಲ ಕುಂಟೆ ಆಡಿಸಿದರೆ ಕಳೆಯೂ ಸಾಯುತ್ತದೆ, ಮೇಲ್ಮಣ್ಣು ಸಡಿಲವಾಗಿ ತೇವವೂ ಉಳಿಯುತ್ತದೆ. ಕಾಂಗ್ರೆಸ್ ಗಿಡ ಮೇವಿಗೆ ಬೆರೆತರೆ ಹಾಲು ಕಹಿ, ಅದು ಬೇರೆ ತಲೆನೋವು.

ನಾನು ಮುಂಗಾರಿನ ಮೊದಲ ಹದಕ್ಕೇ ಬಿತ್ತುತ್ತೇನೆ, ಬೀಜ ಕೊಂಚ ಹೆಚ್ಚೇ ಹಾಕುತ್ತೇನೆ. ತಡವಾದಷ್ಟೂ ನೊಣ ಜಾಸ್ತಿ. ಸುಳಿ ಸತ್ತದ್ದನ್ನು ಬುಡಸಮೇತ ಕಿತ್ತು ಹೊಲದಿಂದಾಚೆ ಹಾಕುತ್ತೇನೆ. ಹೂವಿಗೆ ಮುಂಚೆ ಹಸಿಯಾಗಿ ಕೊಯ್ದು ಹಾಕುವುದಿಲ್ಲ. ಬರಗಾಲದ ಪೈರನ್ನು ಕೊಯ್ದು ಚೆನ್ನಾಗಿ ಒಣಗಿಸಿದರೆ ನಂಜು ಬಹುಪಾಲು ಹೋಗುತ್ತದೆ. ಅರೆಬಾಡಿದ್ದನ್ನು ನಂಬಬೇಡಿ. ಒಣಗಿದ ಮೇಲೆ ಮಳೆ ಬಂದು ಹಸಿರಾದರೂ ಎರಡು ವಾರ ದನ ಬಿಡಬೇಡಿ.

ಮೇದ ಸ್ವಲ್ಪ ಹೊತ್ತಿಗೇ ಹಸು ಏದುಸಿರು ಬಿಟ್ಟು, ನೊರೆ ಸುರಿಸಿ, ತೂರಾಡಿದರೆ ನಾಟಿ ಮದ್ದು ಹುಡುಕುತ್ತಾ ಕೂರಬೇಡಿ. ಪಶುವೈದ್ಯರಿಗೆ ಫೋನು ಮಾಡಿ ‘ಎಳೆ ಜೋಳ ಮೇದಿದೆ’ ಎಂದು ಮೊದಲೇ ಹೇಳಿ. ಇದಕ್ಕೆ ನರಕ್ಕೆ ಕೊಡುವ ಇಂಜೆಕ್ಷನ್ ಇದೆ, ತಯಾರಾಗಿ ಬರುತ್ತಾರೆ. ಸಮಯ ಸಿಗುವುದು ನಿಮಿಷಗಳ ಲೆಕ್ಕದಲ್ಲಿ.

ಮಳೆ ತೀರಾ ತಡವಾದ ವರ್ಷ ನಾನು ಜೋಳ ಬಿಟ್ಟು ಸಜ್ಜೆ ಹಾಕುತ್ತೇನೆ. ಅದರಲ್ಲಿ ಈ ನಂಜಿನ ಭಯವಿಲ್ಲ.