ಯೆಜ್ಡಿ ಇಂಜಿನ್ ಬಿಚ್ಚುವ ಮೊದಲು ಬಿಡಬೇಕಾದ ನಂಬಿಕೆಗಳು

ಹಳೆಯ 250 ಸಿಸಿ ಯೆಜ್ಡಿಗೆ ಎರಡು ಸೈಲೆನ್ಸರ್ ಇರುವುದರಿಂದ ಸಿಲಿಂಡರೂ ಎರಡು ಎಂದು ತಿಳಿದವರು ಇವತ್ತಿಗೂ ಸಿಗುತ್ತಾರೆ. ಇರುವುದು ಒಂದೇ ಸಿಲಿಂಡರ್, ಒಂದೇ ಪಿಸ್ಟನ್. ಹೊಗೆ ಹೊರಹೋಗುವ ದಾರಿ ಮಾತ್ರ ಎರಡು. ಈ ತಪ್ಪಿನಿಂದ ಯಾರ ಜೇಬೂ ಖಾಲಿಯಾಗುವುದಿಲ್ಲ, ಬಿಡಿ. ಆದರೆ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ, ಮೊದಲು ಜಾವಾ, ಆಮೇಲೆ ಯೆಜ್ಡಿ ಹೆಸರಿನಲ್ಲಿ ತಯಾರಾದ ಈ ಗಾಡಿಗಳ ಸುತ್ತ ಬೇರೆ ನಂಬಿಕೆಗಳೂ ಬೆಳೆದಿವೆ. ಮೂಲೆ ಸೇರಿದ ಗಾಡಿಯನ್ನು ಕಡಿಮೆ ದುಡ್ಡಿನಲ್ಲಿ ಮತ್ತೆ ರಸ್ತೆಗಿಳಿಸಲು ಹೊರಟವರಿಗೆ ಅವು ದುಬಾರಿ.

ಮೊದಲನೆಯದು, “ಹೊಗೆ ಜಾಸ್ತಿ ಬರ್ತಿದೆ, ಬೋರ್ ಹೋಗಿದೆ” ಎಂಬ ತೀರ್ಪು. ಫೋರ್ ಸ್ಟ್ರೋಕ್ ಬುಲೆಟ್ಟಿನ ಮಟ್ಟಿಗೆ ಈ ಮಾತಿನಲ್ಲಿ ಹುರುಳಿದೆ. ಯೆಜ್ಡಿ ಟೂ ಸ್ಟ್ರೋಕ್. ಪೆಟ್ರೋಲಿನ ಜೊತೆ ಆಯಿಲನ್ನೂ ಸುಡುವುದೇ ಅದರ ಹುಟ್ಟುಗುಣ, ಹಾಗಾಗಿ ಸ್ವಲ್ಪ ಹೊಗೆ ಇದ್ದೇ ಇರುತ್ತದೆ. ದಟ್ಟ ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ಮೊದಲು ನೋಡಬೇಕಾದ್ದು ಗೇರ್ ಆಯಿಲಿನ ಮಟ್ಟ. ಪಿಸ್ಟನ್ ಮೇಲೇರಿದಾಗಲೆಲ್ಲ ಕೆಳಗಿನ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಇಳಿಯುತ್ತದೆ. ಕ್ಲಚ್ ಕಡೆಯ ಆಯಿಲ್ ಸೀಲ್ ವಯಸ್ಸಾಗಿ ಗಟ್ಟಿಯಾಗಿದ್ದರೆ ಆ ಸೆಳೆತಕ್ಕೆ ಗೇರ್ ಆಯಿಲ್ ಒಳನುಗ್ಗಿ ಸುಟ್ಟುಹೋಗುತ್ತದೆ. ಗೇರ್‌ಬಾಕ್ಸಿಗೆ ಅಳತೆಯಷ್ಟು ಆಯಿಲ್ ತುಂಬಿ, ಕೆಲವು ದಿನ ಓಡಿಸಿ ಮತ್ತೆ ನೋಡಿ. ಹೊರಗೆಲ್ಲೂ ಸೋರದೆ ಮಟ್ಟ ಇಳಿದಿದ್ದರೆ ಕಳ್ಳ ಸಿಕ್ಕಂತೆ. ಪಿಸ್ಟನ್, ರಿಂಗು, ಬೋರಿಂಗ್ ಎಲ್ಲ ಮಾಡಿಸಿದ ಮೇಲೂ ಹೊಗೆ ನಿಲ್ಲದಿರುವುದಕ್ಕೆ ಎಷ್ಟೋ ಸಲ ಈ ಒಂದು ರಬ್ಬರ್ ಬಳೆಯೇ ಕಾರಣ.

ಇನ್ನೊಂದು ಬದಿಯ, ಅಂದರೆ ಡೈನಮೋ ಕಡೆಯ, ಸೀಲ್ ಕೆಟ್ಟರೆ ಹೊಗೆ ಬರುವುದಿಲ್ಲ. ಅದು ಗಾಳಿ ಎಳೆಯುತ್ತದೆ, ಪೆಟ್ರೋಲ್ ಮಿಶ್ರಣ ತೆಳುವಾಗುತ್ತದೆ, ಇಂಜಿನ್ ಬಿಸಿಯೇರಿ ಕೊನೆಗೆ ಪಿಸ್ಟನ್ ಸೀಜ್ ಆಗುತ್ತದೆ. ಪತ್ತೆಗೆ ಸೈಕಲ್ ಪಂಪ್ ಸಾಕು. ಕಾರ್ಬ್ಯುರೇಟರ್ ಮತ್ತು ಸೈಲೆನ್ಸರ್ ಬಾಯಿಗಳನ್ನು ರಬ್ಬರ್ ಹಾಕಿ ಮುಚ್ಚಿ, ಗೇಜ್ ನೋಡಿಕೊಂಡು ಐದಾರು ಪಿಎಸ್‌ಐ ಗಾಳಿ ತುಂಬಿ, ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿ. ಪಂಕ್ಚರ್ ಅಂಗಡಿಯ ತೊಟ್ಟಿಯಲ್ಲಿ ಟ್ಯೂಬು ಗುಳ್ಳೆ ಬಿಡುವಂತೆ ಇಲ್ಲೂ ಬಿಡುತ್ತದೆ. ಇಂಜಿನ್ ಕೆಲಸಕ್ಕೆ ಇಷ್ಟೊಂದು ದುಡ್ಡು ಸುರಿಯುವವರು ಈ ಪರೀಕ್ಷೆಯನ್ನು ಏಕೆ ಬಿಡುತ್ತಾರೋ ನನಗಂತೂ ಅರ್ಥವಾಗಿಲ್ಲ.

ಬೋರ್ ನಿಜಕ್ಕೂ ಸವೆದಿದ್ದರೆ? “ಹೊಸ ರಿಂಗ್ ಹಾಕಿದ್ರೆ ಸಾಕು” ಎನ್ನುವವರು ಒಂದು ಕಡೆ, “ಬೋರಿಂಗ್ ಮಾಡಿಸಿದ ಇಂಜಿನ್ನಿಗೆ ಆಯಸ್ಸಿಲ್ಲ” ಎನ್ನುವವರು ಇನ್ನೊಂದು ಕಡೆ. ಸಿಲಿಂಡರ್ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಗುಂಡಗಿದ್ದ ಬಾಯಿ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಅದರೊಳಗೆ ಹೊಸ ಗುಂಡು ರಿಂಗ್ ಕೂರಿಸಿದರೆ ಸಂದು ಉಳಿಯುತ್ತದೆ. ಬೋರ್ ಗೇಜ್ ಇರುವ ಲೇತ್ ಅಂಗಡಿಯಲ್ಲಿ ಮೇಲೆ, ನಡುವೆ, ಕೆಳಗೆ, ಎರಡೂ ದಿಕ್ಕಿನಲ್ಲಿ ಅಳೆಸಿದರೆ ವಾದ ಮುಗಿಯಿತು. ಬೋರಿಂಗಿನಿಂದ ಇಂಜಿನ್ ಬಡವಾಗುತ್ತದೆ ಎಂಬುದೂ ಹುಸಿ. ಓವರ್‌ಸೈಜ್ ಪಿಸ್ಟನ್ ಬರುವುದೇ ಇದಕ್ಕಾಗಿ. 65 ಮಿ.ಮೀ. ಬೋರನ್ನು 65.5ಕ್ಕೆ ತೆರೆದರೆ ಸಿಸಿ ಹೆಚ್ಚುವುದು ಶೇ 1.5ರಷ್ಟು ಮಾತ್ರ, ಸಿಲಿಂಡರ್ ಗೋಡೆಗೆ ಅದು ಭಾರವೇ ಅಲ್ಲ. ಮರೆಯಬಾರದ ಎರಡು ಮಾತಿವೆ. ಪಿಸ್ಟನ್ ಮೊದಲು ಕೊಂಡು, ಅದನ್ನೇ ಕೈಯಲ್ಲಿಟ್ಟು ಅದರ ಅಳತೆಗೆ ಬೋರ್ ಮಾಡಿಸಬೇಕು. ಬೋರ್ ಆದ ಮೇಲೆ ಪೋರ್ಟುಗಳ ಚೂಪು ಅಂಚುಗಳನ್ನು ಸ್ವಲ್ಪ ಸವರಿಸಬೇಕು; ಇಲ್ಲದಿದ್ದರೆ ರಿಂಗ್ ಅಲ್ಲಿ ಸಿಕ್ಕಿ ಮುರಿಯುತ್ತದೆ. ಫೋರ್ ಸ್ಟ್ರೋಕ್ ಕೆಲಸವನ್ನಷ್ಟೇ ಬಲ್ಲವರು ಮರೆಯುವುದು ಇದನ್ನೇ.

ಕ್ರ್ಯಾಂಕ್ ಕಟಕಟ ಎಂದ ಮಾತ್ರಕ್ಕೆ ಹೊಸ ಕ್ರ್ಯಾಂಕ್ ಹುಡುಕಿಕೊಂಡು ಊರೂರು ಅಲೆಯಬೇಕಿಲ್ಲ. ಅದು ಒತ್ತಿ ಜೋಡಿಸಿದ ಕ್ರ್ಯಾಂಕ್. ಪ್ರೆಸ್ಸಿನಲ್ಲಿ ಬಿಡಿಸಿ, ಹೊಸ ಪಿನ್ನು, ರೋಲರ್, ಕನೆಕ್ಟಿಂಗ್ ರಾಡ್ ಹಾಕಿ ಮತ್ತೆ ಒತ್ತಬಹುದು. ಆಮೇಲೆ ಡಯಲ್ ಗೇಜಿನಡಿ ತಿರುಗಿಸಿ, ಓರೆಯನ್ನು ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲಿಗೆ ಇಳಿಸಬೇಕು. ಕಣ್ಣಳತೆಯಲ್ಲಿ ನೇರ ಮಾಡಿಕೊಡುತ್ತೇನೆ ಎಂದವರಿಗೆ ಕೈ ಮುಗಿದು ಬನ್ನಿ. ಪೇಂಟು, ಕ್ರೋಮಿಗೆ ಎತ್ತಿಟ್ಟ ದುಡ್ಡನ್ನು ಬೇಕಾದರೂ ಇಲ್ಲಿ ಖರ್ಚು ಮಾಡಿ. ಇದರಲ್ಲಿ ಉಳಿಸಲು ಹೋದರೆ ಬೇರಿಂಗ್, ಸೀಲ್ ಎಲ್ಲ ಮತ್ತೆ ಕೊಳ್ಳಬೇಕಾಗುತ್ತದೆ.

ಉಳಿಸುವುದಿದ್ದರೆ ಬೇರಿಂಗಿನಲ್ಲಿ ಉಳಿಸಿ. ಹಳೇ ಕಂಪನಿ ಡಬ್ಬಿಯದ್ದು ಮಾತ್ರ ಒರಿಜಿನಲ್ ಎಂದು ದುಪ್ಪಟ್ಟು ಬೆಲೆ ಕೊಡುವವರಿದ್ದಾರೆ. ಬೇರಿಂಗಿನ ಅಂಚಿನ ಮೇಲೆ ನಂಬರ್ ಇರುತ್ತದೆ, ಓದಿಕೊಳ್ಳಿ. ಉದಾಹರಣೆಗೆ 6305 ಎಂದರೆ ಯಾವ ದೇಶದಲ್ಲಿ ತಯಾರಾದರೂ ಒಳವ್ಯಾಸ 25, ಹೊರವ್ಯಾಸ 62, ದಪ್ಪ 17 ಮಿ.ಮೀ. ಹೆಸರಿರುವ ಯಾವುದೇ ಕಂಪನಿಯ ಬೇರಿಂಗನ್ನು ಬೇರಿಂಗ್ ಅಂಗಡಿಯಲ್ಲೇ ತರಬಹುದು. ನಂಬರಿನ ಪಕ್ಕ ಸಿ3 ಎಂದಿದ್ದರೆ ಹೊಸದರಲ್ಲೂ ಅದಿರಲಿ. ಬಿಸಿಗೆ ಹಿಗ್ಗಲು ಒಳಗೆ ಕೊಂಚ ಹೆಚ್ಚು ಜಾಗ ಬಿಟ್ಟಿದೆ ಎಂಬುದರ ಗುರುತು ಅದು.

“ಹೊಸ ಪಿಸ್ಟನ್ನು, ಆಯಿಲ್ ಧಾರಾಳವಾಗಿ ಹಾಕಿ” ಎಂಬ ಸಲಹೆಯೂ ಉಂಟು. ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಬದಲು 80 ಹಾಕಿದರೆ ಜೆಟ್ಟಿನಲ್ಲಿ ಹಾಯುವ ಪೆಟ್ರೋಲ್ ಸುಮಾರು ಶೇ 4ರಷ್ಟು ಕಡಿಮೆಯಾಗುತ್ತದೆ. ಹೆಚ್ಚು ಆಯಿಲ್ ಎಂದರೆ ತೆಳು ಮಿಶ್ರಣ ಎಂಬುದು ಹೊಳೆಯುವುದೇ ಇಲ್ಲ. ಜೊತೆಗೆ ಪ್ಲಗ್ ಕಟ್ಟುತ್ತದೆ, ಸೈಲೆನ್ಸರಿನಲ್ಲಿ ಮಸಿ ತುಂಬುತ್ತದೆ. ಒಳ್ಳೆಯ 2ಟಿ ಆಯಿಲ್, ಕೈಪಿಡಿಯ ಅಳತೆ, ಅಷ್ಟೇ.

ಆ ಮಸಿಯೇ ಎಷ್ಟೋ ಗಾಡಿಗಳ ಪಿಕಪ್ ತಿಂದಿರುತ್ತದೆ. ಇಂಜಿನ್ ಇಳಿಸುವ ಮೊದಲು ಸೈಲೆನ್ಸರಿನ ಹಿಂಬದಿಯ ಬ್ಯಾಫಲ್ ಎಳೆದು ನೋಡಿ. ಅದನ್ನು ತೆಗೆದೇ ಓಡಿಸಿದರೆ ಶಕ್ತಿ ಬರುತ್ತದೆ ಎಂಬುದು ಭ್ರಮೆ, ಬರುವುದು ಸದ್ದು. ಟೂ ಸ್ಟ್ರೋಕಿನಲ್ಲಿ ಹೊಗೆಯ ಮರುತಳ್ಳಾಟವೂ ಲೆಕ್ಕಕ್ಕೆ ಬರುತ್ತದೆ. ಬ್ಯಾಫಲನ್ನು ಕಾಸ್ಟಿಕ್ ಸೋಡಾದ ನೀರಿನಲ್ಲಿ ನೆನೆಹಾಕಿದರೆ ಮಸಿ ಬಿಡುತ್ತದೆ. ಕೈಗವಸು, ಕನ್ನಡಕ ಹಾಕಿಕೊಂಡು ಕಬ್ಬಿಣದ ಭಾಗಕ್ಕಷ್ಟೇ ಇದನ್ನು ಮಾಡಿ. ಪಿಸ್ಟನ್ನು, ಸಿಲಿಂಡರ್ ಹೆಡ್ಡು ಅಲ್ಯೂಮಿನಿಯಮ್ಮಿನವು, ಸೋಡಾ ಅವನ್ನೇ ತಿಂದುಹಾಕುತ್ತದೆ.