ಬೇಡಿಗೂ ಕಟಕಟೆಗೂ ನಡುವೆ ಕತ್ತರಿಸಿಹೋದ ರೀಲು!

ಈ ಸೀನನ್ನು ನೀವು ಎಷ್ಟು ಸಲ ನೋಡಿಲ್ಲ ಹೇಳಿ! ಇನ್ಸ್‌ಪೆಕ್ಟರ್ ಬಂದ, ನಾಯಕನ ಕೈಗೆ ಬೇಡಿ ತೊಡಿಸಿದ, ತಾಯಿ "ಮಗನೇ…" ಎಂದು ಚೀರಿ ಕಂಬಕ್ಕೊರಗಿದಳು. ಕಟ್! ಮುಂದಿನ ಶಾಟ್‌ನಲ್ಲಿ ಕೋರ್ಟು. ಕಪ್ಪು ಕೋಟು, "ಅಬ್ಜೆಕ್ಷನ್ ಯುವರ್ ಆನರ್", ಜಡ್ಜ್ ಸಾಹೇಬರ ಸುತ್ತಿಗೆ ಏಟು… 1982ರ ‘ನ್ಯಾಯ ಎಲ್ಲಿದೆ’ಯಲ್ಲಿ ಶಂಕರ್‌ನಾಗ್ ಕಾನೂನಿಗೇ ಸವಾಲು ಹಾಕಿದಾಗ ನಮ್ಮಪ್ಪ ಗಾಂಧಿ ಕ್ಲಾಸಿನಲ್ಲಿ ಕೂತು ಶಿಳ್ಳೆ ಹೊಡೆದಿದ್ದರಂತೆ. 1989ರ ‘ಯುದ್ಧಕಾಂಡ’ದಲ್ಲಿ ಲಾಯರ್ ಕೋಟು ತೊಟ್ಟ ರವಿಚಂದ್ರನ್‌ರನ್ನು ನಾನು ಟಿ.ವಿ.ಯಲ್ಲಿ ನೋಡಿದ್ದಕ್ಕೆ ಲೆಕ್ಕವೇ ಇಲ್ಲ. (ಅಂದ ಹಾಗೆ, ನಮ್ಮ ಕೋರ್ಟುಗಳಲ್ಲಿ ಆ ಸುತ್ತಿಗೆ ಇಲ್ಲವೇ ಇಲ್ಲ. ಕಲಾ ನಿರ್ದೇಶಕರು ದಯವಿಟ್ಟು ಗಮನಿಸಬೇಕು!)

ಆದರೆ ಆ "ಕಟ್" ಇದೆಯಲ್ಲ ಸ್ವಾಮಿ, ಅದರೊಳಗೆ ಒಂದು ರಾತ್ರಿ, ಒಂದು ಹಗಲು ಅಡಗಿದೆ. ಹಿಡಿದವನನ್ನು ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಅನ್ನುತ್ತದೆ ಸಂವಿಧಾನದ 22ನೇ ವಿಧಿ. ತನಗೆ ಬೇಕಾದ ವಕೀಲರನ್ನು ಇಟ್ಟುಕೊಳ್ಳುವ ಹಕ್ಕೂ ಅದೇ ವಿಧಿಯಲ್ಲಿದೆ. ಬಡವನ ಕೇಸು ನಿಲ್ಲುವುದೋ ಮುರಿಯುವುದೋ ಅನ್ನೋದು ಬಹುಪಾಲು ಆ 24 ಗಂಟೆಯಲ್ಲೇ ತೀರ್ಮಾನವಾಗಿಬಿಡುತ್ತೆ. ಅದನ್ನು ನಾನು ಕಣ್ಣಾರೆ ಕಂಡೆ.

ಶುಕ್ರವಾರದ ಗೇಟು

2025ರಲ್ಲಿ, ಮುಚ್ಚಿಹೋಗುತ್ತಿರುವ ಒಂಟಿ ಪರದೆ ಥಿಯೇಟರ್‌ಗಳ ಬಗ್ಗೆ ಬರೆಯೋಣವೆಂದು ಒಂದು ತಾಲ್ಲೂಕು ಕೇಂದ್ರಕ್ಕೆ ಹೋಗಿದ್ದೆ. ಊರಿನ ಹೆಸರು ಬೇಡ. ಸ್ಟಾರ್ ಒಬ್ಬರ ಹೊಸ ಚಿತ್ರ, ಮೊದಲ ದಿನ, ಫಸ್ಟ್ ಶೋ. ಗೇಟಿನಲ್ಲಿ ನೂಕುನುಗ್ಗಲು. ಜಾರುವ ಕಬ್ಬಿಣದ ಗೇಟನ್ನು ಎಳೆಯುವ ಹೊತ್ತಿಗೆ ಅಭಿಮಾನಿ ಹುಡುಗನೊಬ್ಬನ ತಲೆ ಅದಕ್ಕೆ ಬಡಿದು ರಕ್ತ ಸೋರಿತು. ಇದು ಅಲ್ಲಿದ್ದ ನಾಲ್ಕಾರು ಮಂದಿ ಹೇಳಿದ ಮಾತು. ದೂರಿನಲ್ಲಿ ಬರೆದಿದ್ದೇ ಬೇರೆ: "ಗೇಟ್‌ಕೀಪರ್ ಕಬ್ಬಿಣದ ರಾಡಿನಿಂದ ಹೊಡೆದ."

ರಾತ್ರಿ ಒಂಬತ್ತಕ್ಕೆ ಪೊಲೀಸರು ಗೇಟ್‌ಕೀಪರ್ ಹುಡುಗನನ್ನು ಎತ್ತಿಕೊಂಡು ಹೋದರು. ಇಪ್ಪತ್ತೆರಡರ ವಯಸ್ಸು. ತಾಯಿ ಥಿಯೇಟರ್ ಎದುರಿಗೇ ಹೂ ಮಾರುವವರು. ಮಾಲೀಕರ ಫೋನು ಸ್ವಿಚ್ ಆಫ್! ಆಯಮ್ಮ ಹೂವಿನ ಬುಟ್ಟಿ ಸಮೇತ ಸ್ಟೇಷನ್ ಮುಂದೆ ಕೂತಿದ್ದರು, ನಾನು ಪಕ್ಕದಲ್ಲಿ ನಿಂತಿದ್ದೆ.

ಅಷ್ಟರಲ್ಲೇ ಸಲಹೆಗಾರರು ನೆರೆದರು ನೋಡಿ. 2024ರ ಜೂನ್ 11ರಂದು ನಟ ದರ್ಶನ್ ಬಂಧನವಾಯಿತು, ಡಿಸೆಂಬರ್ 13ರಂದು ಹೈಕೋರ್ಟು ಬೇಲು ಕೊಟ್ಟಿತು, 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಆವತ್ತಿನಿಂದ ನಮ್ಮ ಟೀ ಅಂಗಡಿಗಳಲ್ಲಿ ಪ್ರತಿಯೊಬ್ಬನೂ ಅರ್ಧ ಲಾಯರೇ. "ಬೆಂಗಳೂರಿನಿಂದ ದೊಡ್ಡ ಲಾಯರ್ ಕರೆಸಿ, ಎರಡು ಲಕ್ಷ ಆದ್ರೂ ಆಗ್ಲಿ" ಅಂದ ಒಬ್ಬ. ಹೂ ಮಾರುವವರಿಗೆ ಎರಡು ಲಕ್ಷ! ಇನ್ನೊಬ್ಬ, ಬಿಳಿ ಷರಟಿನವನು, ಆಯಮ್ಮನ ಕಿವಿಯ ಹತ್ತಿರ ಬಗ್ಗಿ, "307 ಹಾಕ್ತಾರಂತೆ ಕಣವ್ವ. ಇಪ್ಪತ್ತೈದು ಸಾವಿರ ಹೊಂದಿಸು, ನಮ್ಮ ಲಾಯರ್ರು ಗ್ಯಾರಂಟಿ ಬಿಡಿಸ್ತಾರೆ" ಅಂದ.

307 ಅಂದರೆ ಕೊಲೆ ಯತ್ನ. ಜನರ ಬಾಯಲ್ಲಿ ಇನ್ನೂ ಅದೇ ನಂಬರು. 2024ರ ಜುಲೈ 1ರಿಂದ ಹಳೇ ಐ.ಪಿ.ಸಿ. ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಕೊಲೆ ಯತ್ನದ ನಂಬರು ಈಗ 109. ನಂಬರು ಹಳೆಯದಾದರೇನು, ಹೆದರಿಸೋಕೆ ಸಾಕಲ್ಲ! "ಗ್ಯಾರಂಟಿ" ಎಂಬ ಮಾತು ಕೇಳಿದರೆ ಅಲ್ಲಿಂದ ಎದ್ದು ಬನ್ನಿ ಸ್ವಾಮಿ. ದಲ್ಲಾಳಿಯನ್ನು ಬಿಟ್ಟು ಕಕ್ಷಿದಾರರನ್ನು ಹಿಡಿಯುವುದನ್ನೂ, ತಮ್ಮ ಬಗ್ಗೆ ಜಾಹೀರಾತು ಹಾಕಿಕೊಳ್ಳುವುದನ್ನೂ ಬಾರ್ ಕೌನ್ಸಿಲ್ ನಿಯಮವೇ ನಿಷೇಧಿಸಿದೆ. ಬೇಲು ಕೊಡುವವರು ನ್ಯಾಯಾಧೀಶರು, ಲಾಯರ್ ಅಲ್ಲ.

ಹಾಗಾದರೆ ಒಳ್ಳೆಯ ಲಾಯರ್ ಯಾರು ಅಂತ ಕೇಳೋದು ಯಾರನ್ನ? ಕೋರ್ಟಿನ ಗೇಟಿನ ಪಕ್ಕ ಟೈಪಿಂಗ್, ಜೆರಾಕ್ಸ್ ಅಂಗಡಿ ಇರುತ್ತಲ್ಲ, ಅವನನ್ನ! ಯಾರ ಬೇಲ್ ಅರ್ಜಿ ದಿನಾ ಟೈಪಾಗುತ್ತೆ, ಯಾರು ಬರೀ ಜಮೀನು ವ್ಯಾಜ್ಯದವರು, ಯಾರು ವಾಯಿದೆಗೆ ಸರಿಯಾಗಿ ಬರುತ್ತಾರೆ, ಎಲ್ಲ ಅವನಿಗೆ ಬಾಯಿಪಾಠ. ಥಿಯೇಟರ್ ಆಪರೇಟರ್‌ಗೆ ಅವನು ದೋಸ್ತಿ. ಒಂದೇ ಫೋನಿಗೆ ಒಬ್ಬ ಲಾಯರಮ್ಮನ ನಂಬರು ಸಿಕ್ಕಿತು.

"ಹೆಸರು ಆಮೇಲೆ, ಟೈಮ್ ಹೇಳಿ"

ಆಯಮ್ಮ ಫೋನಿನಲ್ಲಿ ಅಳುತ್ತಾ ಮಗನ ಗುಣಗಾನ ಶುರು ಮಾಡಿದರು. ಲಾಯರಮ್ಮ ಮಧ್ಯದಲ್ಲೇ ತಡೆದು, "ಅದೆಲ್ಲ ಆಮೇಲೆ ಹೇಳುವಿರಂತಮ್ಮ. ಕರ್ಕೊಂಡು ಹೋಗಿದ್ದು ಎಷ್ಟು ಗಂಟೆಗೆ? ಯಾರು ಯಾರು ನೋಡಿದ್ರು? ಯಾವುದಾದ್ರೂ ಕಾಗದಕ್ಕೆ ಸಹಿ ಹಾಕಿದ್ನಾ? ನೀವು ಹಾಕಿದ್ರಾ?" ಅಂದರು. ಆಯಮ್ಮ ಏನಕ್ಕೂ ಹೆಬ್ಬೆಟ್ಟು ಒತ್ತಿರಲಿಲ್ಲ, ಪುಣ್ಯಕ್ಕೆ.

ಆಮೇಲೆ ಅವರು ಮಾಡಿದ ಕೆಲಸ ಯಾವ ಸಿನಿಮಾದಲ್ಲೂ ಬರೋದಿಲ್ಲ. "ನಮ್ಮ ಕಕ್ಷಿದಾರ ರಾತ್ರಿ 9ರಿಂದ ನಿಮ್ಮ ಠಾಣೆಯಲ್ಲಿದ್ದಾನೆ, ಅವನನ್ನು ಭೇಟಿ ಮಾಡಲು ಅವಕಾಶ ಕೊಡಿ" ಎಂದು ನಾಲ್ಕು ಸಾಲು ಬರೆದು, ಅದರ ಫೋಟೋವನ್ನು ರಾತ್ರಿ 11.20ಕ್ಕೆ ಠಾಣೆಯ ಮೊಬೈಲ್‌ಗೆ ಕಳಿಸಿದರು. ಅಷ್ಟೇ. ಇಷ್ಟಕ್ಕೆ ಫೀಜು ಬೇರೆ ಕೊಡಬೇಕಾ ಅನ್ನಿಸಿತು ನನಗೆ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನಿಗೆ ಕಾನೂನಿನ ಸೂಕ್ಷ್ಮ ಎಲ್ಲಿಂದ ಬರಬೇಕು!

ಬೆಳಿಗ್ಗೆ ಗೊತ್ತಾಯಿತು ಅದರ ಬೆಲೆ. ಅರೆಸ್ಟ್ ಮೆಮೊದಲ್ಲಿ ಬರೆದಿದ್ದು: "ಬೆಳಿಗ್ಗೆ 8 ಗಂಟೆ, ಬಸ್ ನಿಲ್ದಾಣದ ಬಳಿ ದಸ್ತಗಿರಿ." ರಾತ್ರಿಯಿಡೀ ಲಾಕಪ್ಪಿನಲ್ಲಿದ್ದ ಹುಡುಗ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದ! ಆದರೆ ಠಾಣೆಯದೇ ಫೋನಿನಲ್ಲಿ 11.20ರ ಮೆಸೇಜು ಕೂತಿತ್ತಲ್ಲ.

ಬಂಧನದ ಮೆಮೊ ಬರೆಯಬೇಕು, ಅದಕ್ಕೆ ಸಾಕ್ಷಿಯ ಸಹಿ ಬೇಕು, ಮನೆಯವರಿಗೆ ತಿಳಿಸಬೇಕು ಅಂತ 1996ರ ಡಿ.ಕೆ. ಬಸು ತೀರ್ಪಿನಲ್ಲೇ ಸುಪ್ರೀಂ ಕೋರ್ಟು ಹೇಳಿದ್ದು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. ಬಂಧನದ ಕಾರಣಗಳನ್ನು ಆರೋಪಿಗೆ ತಿಳಿಯುವ ಭಾಷೆಯಲ್ಲಿ ಬರೆದುಕೊಡಬೇಕು ಅಂತಲೂ 2025ರಲ್ಲಿ ಸುಪ್ರೀಂ ಕೋರ್ಟು ಬಿಗಿ ಮಾಡಿದೆ. ವಿಚಾರಣೆಯ ಹೊತ್ತಿನಲ್ಲಿ ವಕೀಲರನ್ನು ಭೇಟಿಯಾಗುವ ಹಕ್ಕು ಅದೇ ಸಂಹಿತೆಯ 38ನೇ ಕಲಮಿನಲ್ಲಿದೆ. ವಿಚಾರಣೆ ಪೂರ್ತಿ ಪಕ್ಕದಲ್ಲೇ ಕೂರುವ ಹಾಗಿಲ್ಲ, ಭೇಟಿ ಮಾತ್ರ.

ಶನಿವಾರ ಬೆಳಿಗ್ಗೆ ಆರಕ್ಕೇ ಲಾಯರಮ್ಮ ಸ್ಕೂಟರಿನಲ್ಲಿ ಬಂದಿಳಿದರು. "ಸಾಹೇಬ್ರು ಬರಲಿ ಮೇಡಂ" ಅಂದರು ರೈಟರ್. "ಬರಲಿ, ಕೂತಿರ್ತೀನಿ" ಅಂತ ಬೆಂಚಿನ ಮೇಲೆ ಕೂತೇಬಿಟ್ಟರು. ಜಗಳವಿಲ್ಲ, ಕೂಗಾಟವಿಲ್ಲ, ಡೈಲಾಗಂತೂ ಇಲ್ಲವೇ ಇಲ್ಲ! ಒಂದು ಗಂಟೆಯಾದ ಮೇಲೆ ಐದು ನಿಮಿಷ ಭೇಟಿ ಸಿಕ್ಕಿತು.

ಆ ಐದು ನಿಮಿಷದಲ್ಲಿ ಹುಡುಗನಿಗೆ ಏನು ಹೇಳಿದಿರಿ ಅಂತ ಆಮೇಲೆ ಕೇಳಿದೆ. "ನಿನಗೆ ಗೊತ್ತಿಲ್ಲದ್ದನ್ನ ತೋರಿಸಬೇಡ ಅಂದೆ" ಅಂದರು. ನನಗೆ ತಲೆ ಬುಡ ಹತ್ತಲಿಲ್ಲ. ಅವರೇ ಬಿಡಿಸಿ ಹೇಳಿದರು. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಆರೋಪಿಯ ವಿರುದ್ಧ ನಡೆಯೋದಿಲ್ಲ. ಆದರೆ ಆ ಬಾಗಿಲಿಗೆ ಒಂದು ಕಿಂಡಿ ಇದೆ. ಕಸ್ಟಡಿಯಲ್ಲಿರುವವನು "ಇಂಥಲ್ಲಿ ಇಟ್ಟಿದ್ದೇನೆ" ಅಂತ ಹೇಳಿ ಅದರಿಂದ ವಸ್ತು ಸಿಕ್ಕಿಬಿಟ್ಟರೆ, ಅಷ್ಟು ಮಾತು ಸಾಕ್ಷ್ಯವಾಗುತ್ತೆ. ಬೆಳಿಗ್ಗೆ ಹುಡುಗನನ್ನು ಥಿಯೇಟರ್ ಹಿಂದಕ್ಕೆ ಕರೆದೊಯ್ದು, ಅಲ್ಲಿ ಬಿದ್ದ ಯಾವುದೋ ರಾಡನ್ನು ಅವನ ಕೈಯಲ್ಲಿ ತೋರಿಸಿ, ಪಂಚನಾಮೆ ಬರೆದಿದ್ದರೆ? ಥಿಯೇಟರ್ ಹಿಂದೆ ಕಬ್ಬಿಣದ ತುಂಡಿಗೆ ಬರವೇ! ಹೆದರಿದ ಹುಡುಗ, "ತೋರಿಸಿದ್ರೆ ಬಿಟ್ಬಿಡ್ತೀವಿ" ಅಂದರೆ ಏನನ್ನು ಬೇಕಾದರೂ ತೋರಿಸಿಯಾನು. ರಾಡಿನ ಪಂಚನಾಮೆ ಆ ದಿನ ಆಗಲಿಲ್ಲ.

ಎರಡನೇ ಶನಿವಾರ, ಒಗ್ಗರಣೆ ವಾಸನೆ

ನಮ್ಮ ಚಿತ್ರಗಳು ಬಿಡುಗಡೆಯಾಗೋದು ಶುಕ್ರವಾರ. ಗಲಾಟೆ ಆಗೋದೂ ಶುಕ್ರವಾರ. ಮಾರನೇ ದಿನ ಎರಡನೇ ಶನಿವಾರ, ಕೋರ್ಟಿಗೆ ಬೀಗ. ಆದರೆ 24 ಗಂಟೆಯ ಲೆಕ್ಕಕ್ಕೆ ರಜೆ ಇಲ್ಲವಲ್ಲ. ಆಗ ಆರೋಪಿಯನ್ನು ಮ್ಯಾಜಿಸ್ಟ್ರೇಟರ ಮನೆಗೇ ಹಾಜರುಪಡಿಸುತ್ತಾರೆ. ಎಷ್ಟು ಹೊತ್ತಿಗೆ? ಯಾರ ಮನೆಗೆ? ಸಾಹೇಬರು ರಜೆಯಲ್ಲಿದ್ದರೆ ಇನ್‌ಚಾರ್ಜ್ ಯಾರು? ಇದು ಬೆಂಗಳೂರಿನ ದೊಡ್ಡ ಲಾಯರ್‌ಗೆ ಗೊತ್ತಾಗೋ ಹೊತ್ತಿಗೆ ಹುಡುಗ ಜೈಲು ಸೇರಿರುತ್ತಾನೆ. ಸ್ಥಳೀಯ ವಕೀಲರೇ ಬೇಕು ಅನ್ನೋದು ಇದಕ್ಕೇ. ಅವರು ಹೆಚ್ಚು ಬುದ್ಧಿವಂತರು ಅಂತಲ್ಲ, ಹತ್ತು ನಿಮಿಷದಲ್ಲಿ ಅಲ್ಲಿರುತ್ತಾರೆ ಅಂತ.

ಮಧ್ಯಾಹ್ನ ಒಂದೂವರೆ. ಬೇವಿನ ಮರದ ಕೆಳಗೆ ಜೀಪು ನಿಂತಿತು. ಮುಂದಿನ ಕೋಣೆಯಲ್ಲಿ ಒಂದು ಟೇಬಲ್ಲು, ಸಾದಾ ಷರಟಿನಲ್ಲಿ ಮ್ಯಾಜಿಸ್ಟ್ರೇಟರು, ಒಳಗಿನಿಂದ ಒಗ್ಗರಣೆ ವಾಸನೆ. "ಯಾವಾಗ ಹಿಡಿದ್ರು? ಹೊಡೆದ್ರಾ?" ಎಂದು ಕೇಳಿದರು. ಹುಡುಗ ಒಮ್ಮೆ ಪೊಲೀಸರ ಕಡೆ, ಒಮ್ಮೆ ಲಾಯರಮ್ಮನ ಕಡೆ ನೋಡಿದ. ಆಮೇಲೆ ಷರಟಿನ ಕಾಲರು ಸರಿಸಿ ಭುಜದ ಬಾವು ತೋರಿಸಿದ. ಪಕ್ಕದಲ್ಲಿ ತನ್ನವರು ಅಂತ ಒಬ್ಬರು ನಿಂತಿರದಿದ್ದರೆ ಆ ಕೈ ಕಾಲರಿನ ಹತ್ತಿರ ಹೋಗುತ್ತಿರಲಿಲ್ಲ ಸ್ವಾಮಿ, ಬರೆದುಕೊಡ್ತೀನಿ. ಬಾವೂ ದಾಖಲಾಯಿತು, 11.20ರ ಮೆಸೇಜೂ ದಾಖಲಾಯಿತು. ವೈದ್ಯಕೀಯ ಪರೀಕ್ಷೆಗೆ ಆದೇಶವಾಯಿತು. ವಕಾಲತ್ತಿಗೆ ಹುಡುಗ ಸಹಿ ಹಾಕಿದ್ದೂ ಅಲ್ಲೇ. ಬಳಿಕ ನ್ಯಾಯಾಂಗ ಬಂಧನ.

ಎಫ್.ಐ.ಆರ್.ನಲ್ಲಿ 109 ಇರಲೇ ಇಲ್ಲ! ಆಯುಧದಿಂದ ಗಾಯ ಮಾಡಿದ 118(1), ಜೊತೆಗೆ ಒಂದೆರಡು ಚಿಲ್ಲರೆ ಕಲಮುಗಳು. 109 ಇದ್ದಿದ್ದರೆ ಬೇಲಿಗೆ ಸೆಷನ್ಸ್ ಕೋರ್ಟಿಗೆ ಓಡಬೇಕಾಗುತ್ತಿತ್ತು. ಬಿಳಿ ಷರಟಿನವನ ಇಪ್ಪತ್ತೈದು ಸಾವಿರ ನೆನೆಸಿಕೊಂಡು ಮೈ ಉರಿಯಿತು.

ಫೀಜಿನ ಮಾತೂ ಆಡಿಬಿಡೋಣ. ಬೇಲ್ ಮುಗಿಯುವವರೆಗೆ ಎಂಟು ಸಾವಿರ, ನಾಲ್ಕು ಮುಂಗಡ, ವಿಚಾರಣೆಗೆ ಬೇರೆ. ಚೀಟಿ ಬರೆದುಕೊಟ್ಟರು. ಅದಕ್ಕೂ ಮೊದಲು ಅವರೇ ಹೇಳಿದ ಮಾತು: "ನೋಡಮ್ಮ, ಕಸ್ಟಡಿಯಲ್ಲಿರೋರಿಗೆ ಸರ್ಕಾರದ ವಕೀಲರು ಪುಕ್ಕಟೆ ಸಿಗ್ತಾರೆ, ವರಮಾನ ಎಷ್ಟು ಅಂತ ಕೇಳೋದಿಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೇಳ್ಲಾ?" 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮು ಅದು. 15100ಕ್ಕೆ ಫೋನು ಮಾಡಿದರೂ ದಾರಿ ಹೇಳುತ್ತಾರೆ. ಆಯಮ್ಮ ಒಪ್ಪಲಿಲ್ಲ. ಕಿವಿಯೋಲೆ ಬಿಚ್ಚಿದರು. ಪುಕ್ಕಟೆ ವಕೀಲರೆಂದರೆ ಕಳಪೆ ಎಂಬ ಭಾವನೆ ನಮ್ಮ ಜನಕ್ಕೆ ಇನ್ನೂ ಹೋಗಿಲ್ಲ. ಅದೇ ಬಾರ್ ರೂಮಿನಲ್ಲಿ ಕೂರುವ ಅದೇ ವಕೀಲರೇ ಎಷ್ಟೋ ಸಲ ಆ ಕೆಲಸವನ್ನೂ ಮಾಡುತ್ತಾರೆ ಅಂತ ಹೇಳಿ ನೋಡಿದೆ. ಓಲೆ ಗಿರವಿ ಅಂಗಡಿಗೇ ಹೋಯಿತು.

ಸೋಮವಾರ ಬೇಲ್ ಅರ್ಜಿ, ಸರ್ಕಾರಿ ವಕೀಲರ ತಕರಾರು, ಬುಧವಾರ ಆದೇಶ. ಏಳು ವರ್ಷದವರೆಗಿನ ಶಿಕ್ಷೆಯ ಪ್ರಕರಣದಲ್ಲಿ ಕಾರಣವಿಲ್ಲದೆ ಹಿಡಿದು ಒಳಗೆ ಹಾಕಬಾರದೆಂಬ 2014ರ ಅರ್ನೇಶ್ ಕುಮಾರ್ ತೀರ್ಪನ್ನು ಲಾಯರಮ್ಮ ಎರಡೇ ವಾಕ್ಯದಲ್ಲಿ ನೆನಪಿಸಿದರು. ಗಾಯದ ಸರ್ಟಿಫಿಕೇಟಿನಲ್ಲಿ ‘ಸಾದಾ ಗಾಯ’ ಅಂತ ಇತ್ತು. ಬೇಲು ಸಿಕ್ಕಿತು!

ಸಿಕ್ಕಿತು ಅಂದರೆ ಹೊರಗೆ ಬಂದ ಅಂತಲ್ಲ. ಐವತ್ತು ಸಾವಿರದ ಮುಚ್ಚಳಿಕೆ, ಒಬ್ಬ ಜಾಮೀನುದಾರ, ಅವನ ಹೆಸರಿನ ಪಹಣಿ, ಆಧಾರ್. ಹೂ ಮಾರುವವರಿಗೆ ಪಹಣಿ ಎಲ್ಲಿಂದ? 1978ರಲ್ಲಿ ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆ ಕೆಲಸದವನಿಗೆ ಹತ್ತು ಸಾವಿರದ ಜಾಮೀನು ಕೇಳಿ, ಅವನ ಸಹೋದರನ ಆಸ್ತಿ ಬೇರೆ ಜಿಲ್ಲೆಯದೆಂದು ತಳ್ಳಿಹಾಕಿದ್ದಕ್ಕೆ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಕೆಂಡಾಮಂಡಲವಾಗಿದ್ದರು. ಆದರೂ ತಾಲ್ಲೂಕು ಕೋರ್ಟಿನ ಅಂಗಳದಲ್ಲಿ ಪಹಣಿ ಇದ್ದವನೇ ರಾಜ. ಕೊನೆಗೆ ಥಿಯೇಟರ್ ಪಕ್ಕದ ಸೋಡಾ ಅಂಗಡಿಯವರು ತಮ್ಮ ಒಂದೂವರೆ ಎಕರೆಯ ಪಹಣಿ ಹಿಡಿದು ಬಂದು ನಿಂತರು. ಅಷ್ಟು ಹೊತ್ತಿಗೆ ಸಂಜೆಯಾಗಿತ್ತು, ಜೈಲಿನಲ್ಲಿ ಬಂದಿಗಳನ್ನು ಎಣಿಸಿ ಬೀಗ ಹಾಕಿಯಾಗಿತ್ತು. ಹುಡುಗ ಹೊರಬಂದಿದ್ದು ಗುರುವಾರ ಬೆಳಿಗ್ಗೆ.

ಬಂದವನನ್ನು ಲಾಯರಮ್ಮ ಮೊದಲು ಕೇಳಿದ್ದು, "ಥಿಯೇಟರ್‌ನಲ್ಲಿ ಕ್ಯಾಮೆರಾ ಇದೆಯೇನಪ್ಪ?" ಅಂತ. ಇತ್ತು. ಹದಿನೈದು ದಿನಕ್ಕೆ ಹಳೆಯದು ತಾನಾಗಿ ಅಳಿಸಿಹೋಗುತ್ತದೆ. ಅಂದೇ ಅರ್ಜಿ ಹಾಕಿ ಅದನ್ನು ಉಳಿಸಿಡುವಂತೆ ಕೋರ್ಟಿನಿಂದ ಆದೇಶ ತಂದರು. ಆ ಚಿತ್ರದಲ್ಲಿ ಏನಿದೆ ಅನ್ನೋದನ್ನು ಇಲ್ಲಿ ಬರೆಯುವ ಹಾಗಿಲ್ಲ, ಕೇಸು ನಡೆಯುತ್ತಿದೆ. ಚಾರ್ಜ್‌ಶೀಟಿನಲ್ಲಿ ರಾಡು ಜಪ್ತಿಯಾದ ಮಾತಿಲ್ಲ ಅನ್ನೋದನ್ನು ಮಾತ್ರ ಹೇಳಬಹುದು.

ಹುಡುಗ ಮತ್ತೆ ಅದೇ ಗೇಟಿನಲ್ಲಿದ್ದಾನೆ. ಮುಂದಿನ ವಾಯಿದೆಗೆ ಗಾಯಗೊಂಡ ಅಭಿಮಾನಿಯ ಸಾಕ್ಷಿ ಇದೆ. ಅದೂ ಶುಕ್ರವಾರವೇ ಬಿದ್ದಿದೆ. ಅವತ್ತು ಗೇಟಿಗೆ ಯಾರನ್ನು ನಿಲ್ಲಿಸೋದು ಅಂತ ಮ್ಯಾನೇಜರ್ ಈಗಲೇ ಗೊಣಗುತ್ತಿದ್ದಾರೆ.